ಹಳೇ ಸೈಕಲ್‌ಗೆ ಡಿಸ್ಕ್ ಬ್ರೇಕ್ ಮೌಂಟ್ ನಾವೇ ಮಾಡ್ಕೋಬಹುದಾ?

ಪ್ರಶ್ನೆ: ನನ್ನದು ಹಳೇ ಸ್ಟೀಲ್ ಫ್ರೇಮಿನ ಸೈಕಲ್. ಮಳೆಯಲ್ಲಿ ರಿಮ್ ಬ್ರೇಕ್ ಸರಿಯಾಗಿ ಹಿಡಿಯಲ್ಲ. ಡಿಸ್ಕ್ ಬ್ರೇಕಿನ ಕ್ಯಾಲಿಪರ್ (ಡಿಸ್ಕನ್ನು ಕಚ್ಚಿ ಹಿಡಿಯೋ ಭಾಗ) ಕೂರಿಸೋಕೆ ಒಂದು ಪ್ಲೇಟ್ ಕತ್ತರಿಸಿ ವೆಲ್ಡ್ ಮಾಡಿಸಿದ್ರೆ ಸಾಕಾ?

ಉತ್ತರ: ಹಿಂದಿನ ಚಕ್ರಕ್ಕಾದರೆ ಮಾಡಬಹುದು. ಆದರೆ ವೆಲ್ಡ್ ಬೇಡ, ಆ ಪ್ಲೇಟಿಗೆ ಒಂದು ಉದ್ದನೆಯ ತೋಳು ಕೊಡಿ. ಮುಂದಿನ ಚಕ್ರಕ್ಕೆ ಮಾತ್ರ ದಯವಿಟ್ಟು ಕೈ ಹಾಕಬೇಡಿ.

ಕಾರಣ ಹೇಳ್ತೀನಿ. ನೀವೂ ಸೈಕಲ್ಲೂ ಸೇರಿ 90 ಕೆ.ಜಿ. ಅನ್ನಿ. ಗಟ್ಟಿಯಾಗಿ ಹಿಂದಿನ ಬ್ರೇಕ್ ಒತ್ತಿದಾಗ ಟೈರು ರಸ್ತೆಯನ್ನು ಹಿಡಿಯೋದು ಸುಮಾರು 22 ಕೆ.ಜಿ. ತೂಕದಷ್ಟು ಬಲದಲ್ಲಿ. ಟೈರು ಆಕ್ಸಲ್‌ನಿಂದ 34 ಸೆಂ.ಮೀ. ದೂರದಲ್ಲಿದೆ. 160 ಮಿ.ಮೀ. ರೋಟರ್ (ಚಕ್ರದ ಜೊತೆ ತಿರುಗೋ ಡಿಸ್ಕ್) ಆದರೆ ಪ್ಯಾಡ್ ಕಚ್ಚೋದು ಬರೀ 7 ಸೆಂ.ಮೀ. ಚಿಲ್ಲರೆ ದೂರದಲ್ಲಿ. ಹಾಗಾಗಿ ಕ್ಯಾಲಿಪರ್ ಮೇಲೆ ಬೀಳುವ ಎಳೆತ 100 ಕೆ.ಜಿ. ದಾಟುತ್ತೆ. ಹಳೇ ಫ್ರೇಮಿನ ಸೀಟ್‌ಸ್ಟೇ, ಅಂದರೆ ಸೀಟಿನ ಕೆಳಗಿಂದ ಹಿಂದಿನ ಆಕ್ಸಲ್‌ಗೆ ಇಳಿಯೋ ಪೈಪು, ನಿಮ್ಮ ಕಿರುಬೆರಳಿನಷ್ಟೇ ದಪ್ಪದ ಟೊಳ್ಳು ಪೈಪು. ಅದರ ಒಂದೇ ಜಾಗಕ್ಕೆ ಇಷ್ಟು ಭಾರ ಹೊರಿಸಿದರೆ ವೆಲ್ಡ್ ಗಟ್ಟಿ ನಿಂತರೂ ಪಕ್ಕದ ಪೈಪು ಬಾಗುತ್ತೆ, ಇಲ್ಲಾ ಸೀಳುತ್ತೆ.

ಅದೇ ಪ್ಲೇಟನ್ನು ಆಕ್ಸಲ್‌ಗೆ ಪೋಣಿಸಿ, ಅದರ ತೋಳನ್ನು 25 ಸೆಂ.ಮೀ. ಮುಂದಕ್ಕೆ ಚಾಚಿ ಚೈನ್‌ಸ್ಟೇಗೆ (ಪೆಡಲ್ ಕಡೆಯಿಂದ ಹಿಂದಿನ ಆಕ್ಸಲ್‌ಗೆ ಹೋಗೋ ಕೆಳಗಿನ ಪೈಪು) ಕ್ಲಿಪ್ ಹಾಕಿ ನೋಡಿ. ಆ ತುದಿಯಲ್ಲಿ ಪೈಪಿನ ಮೇಲೆ ಬೀಳೋದು 30 ಕೆ.ಜಿ. ಅಷ್ಟೇ. ಪೆಡಲ್ ಹಿಂದಕ್ಕೆ ತುಳಿದರೆ ನಿಲ್ಲುವ ಕೋಸ್ಟರ್ ಬ್ರೇಕ್ ಹಬ್‌ನಲ್ಲಿ ಇಂಥದ್ದೇ ತೋಳು ಇರುತ್ತೆ, ನೋಡಿರ್ತೀರಿ ಅಲ್ವಾ?

ಮೊದಲು ರಟ್ಟಿನಲ್ಲಿ ಮಾಡಿ. ರೋಟರ್ ಹಾಕಿದ ಚಕ್ರವನ್ನು ಫ್ರೇಮಿಗೆ ಕೂರಿಸಿ. ಕ್ಯಾಲಿಪರನ್ನು ರೋಟರ್ ಮೇಲಿಟ್ಟು, ಬ್ರೇಕ್ ಲಿವರನ್ನು ರಬ್ಬರ್ ಬ್ಯಾಂಡಿನಿಂದ ಒತ್ತಿ ಕಟ್ಟಿಬಿಡಿ. ಕ್ಯಾಲಿಪರ್ ತಾನಾಗೇ ಸರಿಯಾದ ಜಾಗದಲ್ಲಿ ಕಚ್ಚಿ ನಿಲ್ಲುತ್ತೆ. ಈಗ ಅದರ ತೂತುಗಳನ್ನು ರಟ್ಟಿನ ಮೇಲೆ ಗುರುತು ಹಾಕಿ. ಐಎಸ್ ಮಾದರಿ (ಬೋಲ್ಟು ಪ್ಲೇಟಿಗೆ ಅಡ್ಡಲಾಗಿ ತೂರೋದು) ಆದರೆ ಎರಡು ತೂತಿನ ನಡುವೆ 51 ಮಿ.ಮೀ. ಪೋಸ್ಟ್ ಮೌಂಟ್ (74 ಮಿ.ಮೀ. ಅಂತರದ ಬೋಲ್ಟುಗಳು ರೋಟರ್‌ಗೆ ಸಮಾನಾಂತರವಾಗಿರೋದು) ಆದರೆ ಚಪ್ಪಟೆ ಪ್ಲೇಟಿಗೆ ನೇರವಾಗಿ ಕೂರಲ್ಲ, ಐಎಸ್ ಅಡಾಪ್ಟರ್ ಹಾಕಿ ಅದರ ತೂತುಗಳನ್ನು ಗುರುತು ಹಾಕಿ. ರಟ್ಟು ಸರಿಹೋದ ಮೇಲೇ 5 ಮಿ.ಮೀ. ಸ್ಟೀಲ್ ಪ್ಲೇಟಿಗೆ ಗರಗಸ ಹಾಕಿ. ಮೂಲೆಗಳನ್ನು ಅರದಿಂದ ಉರುಟು ಮಾಡಿ, ಚೂಪಾಗಿ ಬಿಟ್ಟರೆ ಬಿರುಕು ಶುರುವಾಗೋದು ಅಲ್ಲಿಂದಲೇ. ಕ್ಯಾಲಿಪರ್ ಅಕ್ಕಪಕ್ಕ ಸ್ವಲ್ಪ ಸರಿಯಬೇಕಾದರೆ ತೆಳು ವಾಷರ್ ಸಾಕು.

ಜಾಸ್ತಿ ಜನ ಎಡವೋದು ಫ್ರೇಮಿನಲ್ಲಿ ಹಿಂದಿನ ಹಬ್ ಕೂರುವ ಜಾಗದ ಅಗಲದಲ್ಲಿ. ಡಿಸ್ಕ್ ಹಬ್ ಸಾಮಾನ್ಯವಾಗಿ 135 ಮಿ.ಮೀ., ಹಳೇ ಫ್ರೇಮು 120, 126 ಅಥವಾ 130. ಪ್ಲೇಟ್ ಹಬ್‌ಗೂ ಡ್ರಾಪ್‌ಔಟ್‌ಗೂ (ಆಕ್ಸಲ್ ಕೂರೋ ಕಚ್ಚು) ನಡುವೆ ಕೂರೋದರಿಂದ ಅದರ ದಪ್ಪವನ್ನೂ ಸೇರಿಸಿ ಲೆಕ್ಕ ಹಾಕಿ. ಸ್ಟೀಲ್ ಫ್ರೇಮನ್ನು ಸ್ವಲ್ಪ ಹಿಗ್ಗಿಸಬಹುದು. ಅಲ್ಯೂಮಿನಿಯಂ, ಕಾರ್ಬನ್ ಫ್ರೇಮನ್ನು ಹಿಗ್ಗಿಸೋಕೆ ಹೋಗಬೇಡಿ.

ಮುಂದಿನ ಚಕ್ರ ಯಾಕೆ ಬೇಡ ಅಂದರೆ, ಅಲ್ಲಿ ಎಳೆತ 200 ಕೆ.ಜಿ.ಗೂ ಮೀರುತ್ತೆ. ಕ್ಯಾಲಿಪರ್ ಫೋರ್ಕಿನ ಹಿಂದೆ ಇರುತ್ತಲ್ಲ, ಆ ಕಡೆ ರೋಟರ್ ಮೇಲಕ್ಕೆ ತಿರುಗುತ್ತೆ. ಕ್ಯಾಲಿಪರ್ ಮೇಲಕ್ಕೆ ಹೋದಷ್ಟೂ ಆಕ್ಸಲ್ ಕೆಳಕ್ಕೆ ಜಗ್ಗುತ್ತೆ, ಹಳೇ ಫೋರ್ಕಿನ ಡ್ರಾಪ್‌ಔಟ್ ಕೆಳಗಡೆ ಬಾಯ್ತೆರೆದೇ ಇರುತ್ತೆ! ಮುಂದೆ ಡಿಸ್ಕ್ ಬೇಕೇ ಬೇಕು ಅಂದರೆ ಅದಕ್ಕೆಂದೇ ಮಾಡಿದ, ಅಷ್ಟೇ ಉದ್ದದ ಫೋರ್ಕ್ ಹಾಕಿಸಿ.

ಎಲ್ಲ ಬಿಗಿದ ಮೇಲೆ ಆಕ್ಸಲ್ ನಟ್, ತೋಳಿನ ಕ್ಲಿಪ್ ಎರಡರ ಮೇಲೂ ಅಡ್ಡಲಾಗಿ ಒಂದು ಪೇಂಟ್ ಗೆರೆ ಎಳೆಯಿರಿ. ಪ್ರತಿ ಸವಾರಿ ಆದ ಮೇಲೆ ಬಗ್ಗಿ ನೋಡಿ. ಆ ಗೆರೆ ಒಂದು ತಿಂಗಳು ಅಲುಗದೆ ಇದ್ದರೆ ಆಮೇಲೆ ಹಿಂದಿನ ರಿಮ್ ಬ್ರೇಕ್ ಬಿಚ್ಚಿ, ಅಲ್ಲಿವರೆಗೂ ಅದು ಇರಲಿ.