ಪವಿತ್ರವಾದ ಮೇಲೂ ರೊಟ್ಟಿಯಲ್ಲಿ ಗ್ಲುಟೆನ್ ಇರುತ್ತದಾ?

ಪ್ರಶ್ನೆ: ನನಗೆ ಸೀಲಿಯಾಕ್ ಕಾಯಿಲೆ ಇದೆ, ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ತಿಂದರೆ ಕರುಳಿಗೆ ಹಾನಿಯಾಗುತ್ತದೆ. ಚರ್ಚಿನ ಬಲಿಪೂಜೆಯಲ್ಲಿ (ಮಾಸ್) ಕೊಡುವ ಪರಮಪ್ರಸಾದಕ್ಕೆ ಗ್ಲುಟೆನ್ ಇಲ್ಲದ ರೊಟ್ಟಿ ಕೇಳಬಹುದಾ? ಬಲಿಪೂಜೆಯಲ್ಲಿ ಅದು ಕ್ರಿಸ್ತನ ಶರೀರವಾಗುವುದರಿಂದ ಏನೂ ಆಗಲ್ಲ ಅಂತಾರೆ, ನಿಜವಾ?

ಉತ್ತರ: ಮತ್ತೆ ಬಂತು! ಮೊದಲ ಭಾಗಕ್ಕೆ ಬೇಗ ಉತ್ತರ ಹೇಳಿಬಿಡುತ್ತೇನೆ. ಹಲವು ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಅಕ್ಕಿಹಿಟ್ಟಿನದ್ದೋ ಬೇರೆ ಹಿಟ್ಟಿನದ್ದೋ ಇಡುತ್ತಾರೆ, ತಕರಾರಿಲ್ಲ. ಕ್ಯಾಥೊಲಿಕ್ ಚರ್ಚಿನಲ್ಲಿ ರೊಟ್ಟಿ ಗೋಧಿಯದ್ದೇ ಆಗಬೇಕು. ಗ್ಲುಟೆನ್ ಪೂರ್ತಿ ತೆಗೆದದ್ದು ಸಲ್ಲುವುದಿಲ್ಲ, ಕಡಿಮೆ ಇರುವುದು ಸಲ್ಲುತ್ತದೆ. ವ್ಯಾಟಿಕನ್ ಇದನ್ನು 2003ರಲ್ಲೇ ಬರೆದಿತ್ತು, 2017ರಲ್ಲಿ ನೆನಪಿಸಿತು ಅಷ್ಟೇ.

ಇನ್ನು ಎರಡನೆಯದು. ಇಲ್ಲ, ನಿಜವಲ್ಲ. ಎಷ್ಟು ಸಲ ಹೇಳಿದರೂ ಈ ಮಾತು ಸಾಯುತ್ತಿಲ್ಲ.

ವಿಚಿತ್ರ ಏನೆಂದರೆ, ಇದನ್ನು ಭಕ್ತಿಯಿಂದ ಹೇಳುವವರು ತಮ್ಮ ಚರ್ಚಿನ ಬೋಧನೆಯನ್ನೇ ಸರಿಯಾಗಿ ಕೇಳಿಸಿಕೊಂಡಿಲ್ಲ. ಬದಲಾಗುವುದು ರೊಟ್ಟಿಯ ಒಳಸತ್ವ. ಬಣ್ಣ, ರುಚಿ, ತೂಕ, ಹೊಟ್ಟೆಯಲ್ಲಿ ಅದು ಮಾಡುವ ಕೆಲಸ, ಎಲ್ಲ ಹಾಗೇ ಉಳಿಯುತ್ತವೆ. 13ನೇ ಶತಮಾನದಲ್ಲೇ ಕ್ಯಾಥೊಲಿಕ್ ಧರ್ಮಪಂಡಿತ ಥಾಮಸ್ ಅಕ್ವಿನಾಸ್ ಇದನ್ನು ಬಿಡಿಸಿ ಹೇಳಿದ್ದಾರೆ: ಪವಿತ್ರವಾದ ರೊಟ್ಟಿ ದೇಹವನ್ನು ಪೋಷಿಸುತ್ತದೆ, ದ್ರಾಕ್ಷಾರಸ ಜಾಸ್ತಿ ಕುಡಿದರೆ ಮತ್ತೇರುತ್ತದೆ. ಮತ್ತೇರಿಸುವುದು ಉಳಿಯುವುದಾದರೆ ಗ್ಲುಟೆನ್ ಮಾತ್ರ ಎಲ್ಲಿಗೆ ಹೋಗುತ್ತದೆ?

ಇನ್ನೂ ನಂಬಿಕೆ ಬರಲಿಲ್ವಾ? 1570ರ ಕ್ಯಾಥೊಲಿಕ್ ಪೂಜಾಗ್ರಂಥದಲ್ಲಿ ಗುರುಗಳಿಗೆ (ಪಾದ್ರಿಗಳಿಗೆ) ಒಂದು ಸೂಚನೆ ಇದೆ. ಪವಿತ್ರವಾದ ಮೇಲೆ ದ್ರಾಕ್ಷಾರಸದ ಪಾತ್ರೆಗೆ ವಿಷ ಬಿದ್ದರೆ ಅದನ್ನು ಕುಡಿಯಬೇಡಿ, ಬೇರೆ ಪಾತ್ರೆಗೆ ಸುರಿದು ಹೊಸದಾಗಿ ದ್ರಾಕ್ಷಾರಸ ತೆಗೆದುಕೊಳ್ಳಿ. ಪೂಜೆ ಮುಗಿದ ಮೇಲೆ ವಿಷದ ರಸವನ್ನು ಬಟ್ಟೆಗೋ ನಾರಿಗೋ ಹೀರಿಸಿ, ಒಣಗಿಸಿ, ಸುಟ್ಟು, ಬೂದಿಯನ್ನು ಪವಿತ್ರ ವಸ್ತುಗಳನ್ನು ವಿಸರ್ಜಿಸುವ ಗುಂಡಿಗೆ ಹಾಕಿ. ಪವಾಡ ಆಗುತ್ತದೆ, ಧೈರ್ಯವಾಗಿ ಕುಡಿಯಿರಿ ಅಂತ ಬರೆಯಲಿಲ್ಲ ನೋಡಿ!

ಹಾಗಾಗಿ ನಿಮಗೆ ಎರಡು ದಾರಿ. ಒಂದು, ಕಡಿಮೆ ಗ್ಲುಟೆನ್ ರೊಟ್ಟಿ. ಗೋಧಿಯ ಪಿಷ್ಟದಿಂದ ಮಾಡುತ್ತಾರೆ. ಕೆಲವು ರೊಟ್ಟಿಗಳಲ್ಲಿ ಒಂದು ಕಿಲೋಗೆ 20 ಮಿಲಿಗ್ರಾಂಗಿಂತ ಕಡಿಮೆ ಗ್ಲುಟೆನ್ ಇರುತ್ತದೆ, ಆದರೂ ವೈದ್ಯರನ್ನು ಕೇಳಿಯೇ ತಿನ್ನಿ. ಎರಡು, ದ್ರಾಕ್ಷಾರಸ ಮಾತ್ರ ಸ್ವೀಕರಿಸುವುದು. ಯಾವುದೋ ಒಂದನ್ನು ಸ್ವೀಕರಿಸಿದರೂ ಕ್ರಿಸ್ತನನ್ನು ಪೂರ್ತಿಯಾಗಿ ಸ್ವೀಕರಿಸಿದಂತೆ ಎಂದೇ ಬೋಧನೆ, ಅರ್ಧಂಬರ್ಧ ಅಂತ ಕೊರಗಬೇಡಿ. ಆದರೆ ಗುರುಗಳ ಪಾತ್ರೆಯಿಂದ ಕುಡಿಯಬೇಡಿ. ಅದಕ್ಕೆ ಅವರು ರೊಟ್ಟಿಯ ಚೂರೊಂದನ್ನು ಹಾಕಿರುತ್ತಾರೆ. ಬೇರೆ ಪಾತ್ರೆ ಇಡಲು ಮೊದಲೇ ಹೇಳಿಡಿ. ರೊಟ್ಟಿಯೂ ಬೇರೆ ಡಬ್ಬಿಯಲ್ಲಿರಲಿ. ಮಾಮೂಲಿ ರೊಟ್ಟಿ ಮುಟ್ಟಿದ ಕೈಯಲ್ಲೇ ಕೊಟ್ಟರೆ ಇಷ್ಟೆಲ್ಲ ಮಾಡಿದ್ದು ಸುಮ್ನೆ.

ಗುರುಗಳಿಗೇ ಈ ಕಾಯಿಲೆ ಬಂದರೆ? ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಕಡಿಮೆ ಗ್ಲುಟೆನ್ ಕೂಡ ಆಗದವರು ಒಬ್ಬರೇ ಪೂಜೆ ಅರ್ಪಿಸುವಂತಿಲ್ಲ. ಅನುಮತಿ ಪಡೆದು ಇತರ ಗುರುಗಳ ಜೊತೆ ಸೇರಿ ಅರ್ಪಿಸಬಹುದು, ಆಗ ದ್ರಾಕ್ಷಾರಸ ಮಾತ್ರ ಸ್ವೀಕರಿಸುತ್ತಾರೆ. ಮದ್ಯ ಆಗದ ಗುರುಗಳಿಗೂ ದಾರಿ ಇದೆ: ಧರ್ಮಾಧ್ಯಕ್ಷರ (ಬಿಷಪ್) ಅನುಮತಿ ಇದ್ದರೆ, ಹುಳಿಯುವುದನ್ನು ತಡೆದು ಇಟ್ಟ ದ್ರಾಕ್ಷಿರಸ, ಉದಾಹರಣೆಗೆ ಫ್ರೀಜ್ ಮಾಡಿದ್ದು, ನಡೆಯುತ್ತದೆ.