ಸಮುದ್ರದಡಿ ಪ್ಲಂಬಿಂಗ್ ಕೆಲಸ

ಡೀಸೆಲ್ ಎಂಜಿನ್‌ಗೆ ಗಾಳಿ ಬೇಕು. ಹಾಗಾಗಿ ಹಳೆಯ ಜಲಾಂತರ್ಗಾಮಿಗಳು ನೀರಿನಡಿ ಬ್ಯಾಟರಿಯ ಮೇಲೆ ಓಡುತ್ತಿದ್ದವು. ಚಾರ್ಜ್ ಮುಗಿಯುತ್ತಾ ಬಂದರೆ ಮೇಲೇಳಬೇಕು, ಇಲ್ಲ ಗಾಳಿಕೊಳವೆಯನ್ನಾದರೂ ನೀರಿನಾಚೆ ಚಾಚಬೇಕು. ಯುರೇನಿಯಂಗೆ ಆ ಹಂಗಿಲ್ಲ. ಅದು ಒಡೆದು ಶಾಖ ಕೊಡಲು ಆಮ್ಲಜನಕವೇ ಬೇಡ. ಅಮೆರಿಕದ ನೌಕಾಪಡೆಯ ಹೈಮನ್ ರಿಕೋವರ್ ಹಟಕ್ಕೆ ಬಿದ್ದು ‘ನಾಟಿಲಸ್’ ಎಂಬ ಪರಮಾಣು ಜಲಾಂತರ್ಗಾಮಿ ಕಟ್ಟಿಸಿದ್ದು ಇದಕ್ಕೇ.

ಪರಮಾಣು ಅಂದರೆ ಏನೋ ಮಾಯಾಮಂತ್ರ ಅನ್ನಿಸುತ್ತೆ, ಅಲ್ವಾ? ಒಳಗೆ ನಡೆಯುವುದು ಮಾತ್ರ ನಮ್ಮ ಬಚ್ಚಲ ಹಂಡೆಯ ಕೆಲಸ: ನೀರು ಕಾಯಿಸುವುದು. ಯುರೇನಿಯಂ ಒಡೆಯುವ ಒಲೆ, ಅಂದರೆ ರಿಯಾಕ್ಟರ್, ಅದರ ಮೂಲಕ ಹರಿಯುವ ನೀರಿನ ಮೇಲೆ ಭಾರೀ ಒತ್ತಡ. ಕುಕ್ಕರ್ ಒಳಗಿನ ನೀರು 100 ಡಿಗ್ರಿಗೆ ಕುದಿಯುವುದಿಲ್ಲವಲ್ಲ, ಹಾಗೆ ಇದೂ ಕುದಿಯುವುದಿಲ್ಲ. ತನ್ನ ಬಿಸಿಯನ್ನು ಕೊಳವೆಯ ಗೋಡೆಯ ಮೂಲಕ ಇನ್ನೊಂದು ನೀರಿಗೆ ದಾಟಿಸುತ್ತದೆ. ಆ ಎರಡನೆಯ ನೀರು ಆವಿಯಾಗಿ ಟರ್ಬೈನ್ ತಿರುಗಿಸುತ್ತದೆ. ಎರಡೂ ನೀರು ಬೆರೆಯುವಂತಿಲ್ಲ. ವಿಕಿರಣವೆಲ್ಲ ಮೊದಲನೆಯದರಲ್ಲೇ ಉಳಿಯಬೇಕು.

ತಲೆನೋವು ಶುರುವಾಗಿದ್ದು ಇಂಧನಕ್ಕೆ ಹೊದಿಸುವ ಲೋಹದಿಂದ. ಅದು ಬಿಸಿನೀರಿಗೆ ಸವೆಯಬಾರದು, ಯುರೇನಿಯಂ ಒಡೆಯುತ್ತಲೇ ಇರುವಂತೆ ಮಾಡುವ ನ್ಯೂಟ್ರಾನ್ ಕಣಗಳನ್ನೂ ನುಂಗಬಾರದು. ಜಿರ್ಕೋನಿಯಂ ಅದಕ್ಕೆ ಸರಿ. ಆದರೆ ಅದರ ಅದಿರಿನಲ್ಲಿ ಹಾಫ್ನಿಯಂ ಎಂಬ ಅವಳಿ ಸೇರಿಕೊಂಡೇ ಇರುತ್ತದೆ. ಗುಣದಲ್ಲಿ ಎಷ್ಟು ಹೋಲುತ್ತವೆ ಎಂದರೆ ಬೇರ್ಪಡಿಸಲು ಪ್ರಾಣ ಹೋಗುತ್ತದೆ. ಬಿಟ್ಟರೂ ಕಷ್ಟ, ಹಾಫ್ನಿಯಂ ನ್ಯೂಟ್ರಾನ್ ನುಂಗುವುದು ನೂರಾರು ಪಟ್ಟು ಜಾಸ್ತಿ. ಹೀಗೆ ಬೇರೆ ಮಾಡಿದ ಹಾಫ್ನಿಯಂ ವ್ಯರ್ಥವಾಗಲಿಲ್ಲ. ರಿಯಾಕ್ಟರ್ ಹತೋಟಿಗೆ ಬೇಕಾದದ್ದು ನ್ಯೂಟ್ರಾನ್ ನುಂಗುವ ಸರಳುಗಳೇ. ಹೀರೆಕಾಯಿ ಪಲ್ಯಕ್ಕೆ, ಸಿಪ್ಪೆ ಚಟ್ನಿಗೆ!

ರಿಕೋವರ್‌ಗೆ ತಾಳ್ಮೆ ಕಡಿಮೆ. 1952ರ ಜೂನ್ 14ರಂದು ಗ್ರೋಟನ್‌ನ ಹಡಗುಕಟ್ಟೆಯಲ್ಲಿ ಅಧ್ಯಕ್ಷ ಟ್ರೂಮನ್ ಹಡಗಿನ ಅಡಿಪಾಯದ ಉಕ್ಕಿನ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಇನಿಷಿಯಲ್ ಬರೆದಾಗ, ಅದಕ್ಕೆ ಕೂರಿಸಬೇಕಾದ ರಿಯಾಕ್ಟರ್‌ನ ಮಾದರಿ ಇನ್ನೂ ಚಾಲೂ ಆಗಿರಲಿಲ್ಲ. ಅದು ಸಮುದ್ರದಿಂದ ಬಲು ದೂರ, ಐಡಾಹೊ ಮರುಭೂಮಿಯಲ್ಲಿ ತಯಾರಾಗುತ್ತಿತ್ತು. ಹಡಗಿನ ಒಡಲಿನ ಒಂದು ತುಂಡು ಕಟ್ಟಿ, ಸುತ್ತ ದೊಡ್ಡ ನೀರಿನ ತೊಟ್ಟಿ ಮಾಡಿದ್ದರು. ಹೊರಹೋದ ವಿಕಿರಣ ನೀರಿಗೆ ಬಡಿದು ಎಷ್ಟು ವಾಪಸ್ ಬರುತ್ತದೆ ಎಂದು ನೋಡಬೇಕಿತ್ತು. 1953ರ ಮಾರ್ಚ್ 30ರಂದು ಅದು ಚಾಲೂ ಆಯಿತು. ಜೂನ್‌ನಲ್ಲಿ ಸುಮಾರು ನಾಲ್ಕು ದಿನ ನಿಲ್ಲಿಸದೆ ಓಡಿಸಿ, ನಕ್ಷೆಯ ಮೇಲೆ ಗುರುತು ಹಾಕುತ್ತಾ ಅಟ್ಲಾಂಟಿಕ್ ದಾಟಿದರು. ಕೂತಲ್ಲೇ!

ಇಷ್ಟೆಲ್ಲ ಆದಮೇಲೆ ಕೈಕೊಟ್ಟಿದ್ದು ಒಂದು ಪೈಪು. 1954ರ ಸೆಪ್ಟೆಂಬರ್‌ನಲ್ಲಿ ದಡದಲ್ಲೇ ಪರೀಕ್ಷೆ ನಡೆಯುತ್ತಿದ್ದಾಗ ಸಣ್ಣ ಆವಿ ಕೊಳವೆಯೊಂದು ಒಡೆಯಿತು. ಬೆಸುಗೆಯ ಗೆರೆ ಇಲ್ಲದ ಕೊಳವೆ ಹಾಕಬೇಕಿದ್ದಲ್ಲಿ ಕೈಹಿಡಿಯ ಕಂಬಿಗೆ ಬಳಸುವಂಥ ಸಾದಾ ಪೈಪು ಸೇರಿಕೊಂಡಿತ್ತು. ಇನ್ನೆಲ್ಲೆಲ್ಲಿ ಹಾಗಿದೆಯೋ ಹೇಳುವಂತಿರಲಿಲ್ಲ. ಆ ಬಗೆಯ ಪೈಪನ್ನೆಲ್ಲ ಕಿತ್ತು ಹೊಸದು ಹಾಕಿದರು. ನಾಟಿಲಸ್ ಪರಮಾಣು ಶಕ್ತಿಯಿಂದ ಹೊರಟಿದ್ದು 1955ರ ಜನವರಿ 17ರಂದು.

ಮೂರು ವರ್ಷದ ಮೇಲೆ, ಉತ್ತರ ಧ್ರುವಕ್ಕೆ ಹೊರಟಾಗ, ಆವಿಯನ್ನು ತಣಿಸಿ ನೀರಾಗಿಸುವ ಕಂಡೆನ್ಸರ್ ಸೋರತೊಡಗಿತು. ತೂತು ಎಲ್ಲಿದೆ ಎಂದೇ ಸಿಗಲಿಲ್ಲ. ಕೊನೆಗೆ ನಾವಿಕರು ಸಾದಾ ಬಟ್ಟೆ ತೊಟ್ಟು ಸಿಯಾಟಲ್‌ನ ಪೆಟ್ರೋಲ್ ಬಂಕ್‌ಗಳನ್ನು ಸುತ್ತಿ, ಕಾರಿನ ರೇಡಿಯೇಟರ್ ಸೋರಿದರೆ ಸುರಿಯುವ ದ್ರಾವಣದ 140 ಡಬ್ಬ ತಂದರು. ಅರ್ಧ ಸುರಿದರು. ಸೋರಿಕೆ ನಿಂತಿತು. 1958ರ ಆಗಸ್ಟ್ 3ರಂದು ನಾಟಿಲಸ್ ಧ್ರುವದ ಹಿಮದಡಿ ಹಾದುಹೋಯಿತು.