ಅಜ್ಜಿಯ ಸುಕ್ಕು, ಅಜ್ಜಿಯ ಮೂಗುತಿ: ಫೋಟೊ ಚಿತ್ರವಾಗುವ ಬಗೆ

ಅಜ್ಜಿಗೆ ಎಂಬತ್ತು ತುಂಬಿದ ದಿನ ಪಡಸಾಲೆಯಲ್ಲಿ ತೆಗೆದ ಫೋಟೊವೊಂದನ್ನು ಕೈಯಿಂದ ಬಿಡಿಸಿದ ಚಿತ್ರದಂತೆ ಮಾಡಿ, ಚೌಕಟ್ಟು ಹಾಕಿಸಿ ಕೊಡಬೇಕೆಂದು ಕಂಪ್ಯೂಟರಿನ ಮುಂದೆ ಕುಳಿತಿದ್ದೆ. ಮೊದಲ ಫಿಲ್ಟರ್ ಹಾಕಿದಾಗ ಹಣೆಯ ಮತ್ತು ಕೆನ್ನೆಯ ಸುಕ್ಕುಗಳೆಲ್ಲ ಅಳಿಸಿಹೋಗಿ, ಮೂಗುತಿ ಮಾತ್ರ ಮೊದಲಿನಂತೆಯೇ ಹೊಳೆಯುತ್ತಿತ್ತು. ಎರಡನೆಯ ಫಿಲ್ಟರ್ ಹಾಕಿದಾಗ ಮುಖ ತೈಲವರ್ಣದ ಚಿತ್ರದಂತೆ ಸೊಗಸಾಗಿ ಕಂಡರೂ ಮೂಗುತಿಯೇ ಇರಲಿಲ್ಲ. ಒಂದು ಫಿಲ್ಟರ್ ಸುಕ್ಕನ್ನು ತಿಂದು ಮೂಗುತಿಯನ್ನು ಉಳಿಸಿತು, ಇನ್ನೊಂದು ಮೂಗುತಿಯನ್ನೇ ತಿಂದಿತು. ಏಕೆ ಹೀಗಾಯಿತು ಎಂದು ತಿಳಿಯಲು ಫಿಲ್ಟರಿನ ಒಳಗಿರುವ ಲೆಕ್ಕವನ್ನೇ ನೋಡಬೇಕು, ಮತ್ತು ಆ ಲೆಕ್ಕ ನಾವು ಅಂದುಕೊಂಡದ್ದಕ್ಕಿಂತ ಸರಳವಾಗಿದೆ.

ಬಣ್ಣದ ಫೋಟೊದ ಪ್ರತಿ ಪಿಕ್ಸೆಲ್‌ನಲ್ಲಿ, ಅಂದರೆ ಫೋಟೊ ಮಾಡಲ್ಪಟ್ಟ ಪ್ರತಿ ಸಣ್ಣ ಚುಕ್ಕೆಯಲ್ಲಿ, ಕೆಂಪು, ಹಸಿರು, ನೀಲಿ ಎಂಬ ಮೂರು ಸಂಖ್ಯೆಗಳಿರುತ್ತವೆ. ಒಂದೊಂದೂ 0ಯಿಂದ 255ರ ಒಳಗೆ. ಹೀಗೆ ಒಟ್ಟು 1,67,77,216 ಬಣ್ಣಗಳು ಸಾಧ್ಯ. ಚಿತ್ರ ಬಿಡಿಸುವವರು ಇಷ್ಟು ಬಣ್ಣಗಳನ್ನು ಎಂದೂ ಬಳಸುವುದಿಲ್ಲ. ಅವರು ಒಂದು ಕೆನ್ನೆಗೆ ಒಂದೆರಡು ಛಾಯೆ ಬಳಿದು, ಕೆನ್ನೆ ಮುಗಿದು ಸೆರಗು ಶುರುವಾಗುವ ಕಡೆ ಖಚಿತವಾದ ಗೆರೆ ಎಳೆಯುತ್ತಾರೆ. ಆದ್ದರಿಂದ ಫೋಟೊವನ್ನು ಚಿತ್ರವಾಗಿಸುವುದೆಂದರೆ ಬಹುಪಾಲು ಅದರಲ್ಲಿರುವುದನ್ನು ಬಿಟ್ಟುಬಿಡುವ ಕೆಲಸ, ಮತ್ತು ಬಿಡುವಾಗ ಅಂಚುಗಳನ್ನು ಕೆಡಿಸದಿರುವ ಕೆಲಸ.

ಅಜ್ಜಿಯ ಕೆನ್ನೆಯ ಒಂದು ಸಾಲನ್ನು ಹಿಗ್ಗಿಸಿ, ಬಣ್ಣ ಬಿಟ್ಟು ಹೊಳಪನ್ನಷ್ಟೇ ನೋಡೋಣ. 150, 152, 138, 151, 149 ಎಂಬ ಐದು ಸಂಖ್ಯೆಗಳಲ್ಲಿ ನಡುವಿನ 138 ಒಂದು ಸುಕ್ಕು. ಐದರ ಸರಾಸರಿ 148. ನಡುವಿನ ಪಿಕ್ಸೆಲ್‌ಗೆ ಈ ಸರಾಸರಿಯನ್ನು ಕೊಟ್ಟರೆ ಸುಕ್ಕು ಹೋಯಿತು, ಚರ್ಮ ನುಣುಪಾಯಿತು. ಆದರೆ ಇದೇ ಉಪಾಯವನ್ನು ಕೆನ್ನೆ ಮತ್ತು ಸೆರಗು ಸೇರುವ ಕಡೆ ಮಾಡಿದರೆ ಕೆಲಸ ಕೆಡುತ್ತದೆ. ಅಲ್ಲಿ ಸಂಖ್ಯೆಗಳು 151, 149, 60, 58 ಎಂದಿವೆ. 149ಕ್ಕೆ ತನ್ನ ಎಡಬಲದವರೊಡನೆ ಸರಾಸರಿ ತೆಗೆದರೆ 120, 60ಕ್ಕೆ ತೆಗೆದರೆ 89. ಚೂರಿಯಲ್ಲಿ ಕತ್ತರಿಸಿದಂತಿದ್ದ ಅಂಚು ಮಂಜಿನಲ್ಲಿ ಮುಳುಗಿದಂತಾಗುತ್ತದೆ.

ಇದಕ್ಕೆ ಕಾರ್ಲೊ ತೊಮಾಸಿ ಮತ್ತು ರೊಬೆರ್ಟೊ ಮಂದೂಚಿ ಎಂಬ ಇಬ್ಬರು ಸೂಚಿಸಿದ ಪರಿಹಾರ ನನಗೆ ಇಂದಿಗೂ ಬಹಳ ಚೆಂದ ಕಾಣುತ್ತದೆ. 1998ರಲ್ಲಿ ನಮ್ಮ ಮುಂಬೈಯಲ್ಲೇ ನಡೆದ ಕಂಪ್ಯೂಟರ್ ದೃಷ್ಟಿಯ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಅವರು ಅದನ್ನು ಮಂಡಿಸಿದರು. ಇಂದು ಅದರ ಹೆಸರು ಬೈಲ್ಯಾಟರಲ್ ಫಿಲ್ಟರ್. ಸರಾಸರಿಯಲ್ಲಿ ಪಾಲು ಪಡೆಯಲು ಪಕ್ಕದಲ್ಲಿದ್ದರೆ ಸಾಲದು, ಬೆಲೆಯಲ್ಲೂ ಹತ್ತಿರವಿರಬೇಕು ಎಂಬುದು ಅದರ ನಿಯಮ. 149ರ ಪಕ್ಕದಲ್ಲಿ 60 ಕುಳಿತಿದ್ದರೂ ಬೆಲೆಯಲ್ಲಿ ಬಹಳ ದೂರವಿರುವುದರಿಂದ ಅದರ ಮಾತಿಗೆ ತೂಕ ಸಿಗುವುದಿಲ್ಲ. ಹೆಚ್ಚುಕಡಿಮೆ 151 ಮತ್ತು 149 ಮಾತ್ರ ಸೇರಿ 150 ಆಗುತ್ತದೆ, ಆಚೆ ಬದಿಯಲ್ಲಿ 60 ಮತ್ತು 58 ಸೇರಿ 59 ಆಗುತ್ತದೆ. ಅಂಚು ಇದ್ದಲ್ಲೇ ಉಳಿಯುತ್ತದೆ. ಅಜ್ಜಿಯ ಸುಕ್ಕು ಏಕೆ ಹೋಯಿತು ಎಂಬುದಕ್ಕೂ ಇಲ್ಲೇ ಉತ್ತರವಿದೆ. ಸುಕ್ಕಿಗೂ ಚರ್ಮಕ್ಕೂ ಇದ್ದ ಅಂತರ ಬರೀ ಹನ್ನೆರಡು, ಮೂಗುತಿಯ ಹೊಳಪಿಗೂ ಚರ್ಮಕ್ಕೂ ಇದ್ದ ಅಂತರ ತೊಂಬತ್ತು. ಫಿಲ್ಟರಿನ ಕಣ್ಣಿಗೆ ಸುಕ್ಕು ಚರ್ಮದ ಒಂದು ಸಣ್ಣ ತಪ್ಪು, ಮೂಗುತಿ ಬೇರೆಯೇ ಒಂದು ವಸ್ತು.

ಮೂಗುತಿಯನ್ನು ನುಂಗಿದ್ದು ಕುವಾಹಾರ ಫಿಲ್ಟರ್. ಇದು ಹುಟ್ಟಿದ್ದು ಕಲೆಗಾಗಿ ಅಲ್ಲ. 1976ರಲ್ಲಿ ಜಪಾನಿನ ಕುವಾಹಾರ ಮತ್ತು ಸಂಗಡಿಗರು ಹೃದಯದ ವೈದ್ಯಕೀಯ ಚಿತ್ರಗಳಲ್ಲಿನ ಬೇಡದ ಚುಕ್ಕೆಗಳನ್ನು ತೆಗೆಯಲು ಇದನ್ನು ರೂಪಿಸಿದರು. ಪ್ರತಿ ಪಿಕ್ಸೆಲ್‌ನ ಸುತ್ತ ಒಂದಕ್ಕೊಂದು ತುಸು ತಾಗುವಂತೆ ನಾಲ್ಕು ಚೌಕಗಳನ್ನಿಟ್ಟು, ಯಾವ ಚೌಕದೊಳಗಿನ ಬೆಲೆಗಳಲ್ಲಿ ಏರಿಳಿತ ಅತಿ ಕಡಿಮೆಯೋ ಆ ಚೌಕದ ಸರಾಸರಿಯನ್ನು ಪಿಕ್ಸೆಲ್‌ಗೆ ಕೊಡುವುದು ಇದರ ರೀತಿ. ಹೀಗಾಗಿ ಪಿಕ್ಸೆಲ್‌ಗಳು ಗುಂಪುಗುಂಪಾಗಿ ಒಂದೇ ಬಣ್ಣಕ್ಕೆ ತಿರುಗಿ, ಕುಂಚದಿಂದ ಅದ್ದಿ ಒತ್ತಿದ ಗುರುತುಗಳಂತೆ ಕಾಣುತ್ತವೆ. ಆದರೆ ಚೌಕಕ್ಕಿಂತ ಸಣ್ಣದಾದ ಯಾವ ವಸ್ತುವೂ ಈ ಆಯ್ಕೆಯಲ್ಲಿ ಗೆಲ್ಲಲಾರದು. ಮೂಗುತಿ ಬಿದ್ದ ಚೌಕದಲ್ಲಿ ಏರಿಳಿತ ಹೆಚ್ಚು, ಆದ್ದರಿಂದ ಮೂಗುತಿಯ ಪಾಲು ಅತಿ ಕಡಿಮೆಯಿರುವ, ಬಹುಪಾಲು ಚರ್ಮವೇ ಇರುವ ಚೌಕ ಆಯ್ಕೆಯಾಗುತ್ತದೆ.

ಬಣ್ಣ ಕಡಿಮೆ ಮಾಡುವ ಹಂತ ಮೇಲ್ನೋಟಕ್ಕೆ ಸುಲಭ: 256 ಮಟ್ಟಗಳ ಬದಲು ನಾಲ್ಕೇ ಮಟ್ಟ ಇಟ್ಟರೆ ಒಟ್ಟು ಬಣ್ಣಗಳು 64. ಆದರೆ ಕೆಂಪು, ಹಸಿರು, ನೀಲಿಗಳನ್ನು ಬಿಡಿಬಿಡಿಯಾಗಿ ಮೆಟ್ಟಿಲು ಮಾಡಿದರೆ ಮೂರೂ ಒಂದೇ ಜಾಗದಲ್ಲಿ ಮೆಟ್ಟಿಲು ಇಳಿಯುವುದಿಲ್ಲ. ಒಂದು ಬಣ್ಣ ಇಳಿದು ಇನ್ನೊಂದು ಇಳಿಯದ ಕಡೆ ಕೆನ್ನೆಯ ಮೇಲೆ ಹಸಿರು ಅಥವಾ ನೇರಳೆ ತೇಪೆ ಬೀಳುತ್ತದೆ. 2006ರಲ್ಲಿ ಹೋಲ್ಗರ್ ವಿನ್ನೆಮೋಲರ್, ಸ್ವೆನ್ ಓಲ್ಸನ್ ಮತ್ತು ಬ್ರೂಸ್ ಗೂಚ್ ಫೋಟೊ ಮತ್ತು ವಿಡಿಯೊಗಳನ್ನು ಕಾರ್ಟೂನಿನಂತೆ ಮಾಡುವ ತಮ್ಮ ವಿಧಾನದಲ್ಲಿ, ಮೊದಲು ಹೊಳಪನ್ನೂ ಬಣ್ಣವನ್ನೂ ಬೇರ್ಪಡಿಸಿ, ಹೊಳಪನ್ನು ಮಾತ್ರ ಮೆಟ್ಟಿಲು ಮಾಡಿದರು. ಚರ್ಮ ಚರ್ಮದ ಬಣ್ಣದಲ್ಲೇ ಉಳಿಯಿತು.

ಇನ್ನು ಕಪ್ಪು ಗೆರೆ. ಚಿತ್ರದ ಎರಡು ಪ್ರತಿಗಳನ್ನು ಮಾಡಿಕೊಂಡು, ಒಂದನ್ನು ಸ್ವಲ್ಪ, ಇನ್ನೊಂದನ್ನು ಅದರ ಸುಮಾರು 1.6 ಪಟ್ಟು ಮಸುಕಾಗಿಸಿ, ಒಂದರಿಂದ ಇನ್ನೊಂದನ್ನು ಕಳೆಯುತ್ತಾರೆ. ಸಮತಟ್ಟಾದ ಬಣ್ಣವಿರುವ ಕಡೆ ಎರಡೂ ಒಂದೇ, ಶೇಷ ಸೊನ್ನೆ. ಅಂಚಿನ ಅಕ್ಕಪಕ್ಕ ಮಾತ್ರ ವ್ಯತ್ಯಾಸ ಉಳಿಯುತ್ತದೆ, ಅದೇ ಗೆರೆ. ಈ ಕಳೆಯುವ ಲೆಕ್ಕವನ್ನು ನಮ್ಮ ಕಣ್ಣೂ ಮಾಡುತ್ತದೆ. ಸ್ಟೀಫನ್ ಕುಫ್ಲರ್ 1953ರಲ್ಲಿ ಬೆಕ್ಕಿನ ಅಕ್ಷಿಪಟಲದ ನರಕೋಶಗಳನ್ನು ಪರೀಕ್ಷಿಸಿ, ಒಂದು ಕೋಶ ತನ್ನ ನಡುಭಾಗಕ್ಕೆ ಬೆಳಕು ಬಿದ್ದರೆ ಚುರುಕಾಗುತ್ತದೆ, ಸುತ್ತಲಿನ ಉಂಗುರಕ್ಕೆ ಬಿದ್ದರೆ ಸುಮ್ಮನಾಗುತ್ತದೆ ಎಂದು ತೋರಿಸಿದರು. ಇದಕ್ಕೆ ತದ್ವಿರುದ್ಧವಾಗಿ ವರ್ತಿಸುವ ಕೋಶಗಳೂ ಇವೆ. ಅಂದರೆ ಕಣ್ಣು ಮಿದುಳಿಗೆ ಕಳಿಸುವುದು ಬೆಳಕಿನ ಅಳತೆಯನ್ನಲ್ಲ, ಬಹುಮಟ್ಟಿಗೆ ಅಕ್ಕಪಕ್ಕದ ವ್ಯತ್ಯಾಸವನ್ನು. ಮೈಸೂರಿನ ಆರ್. ಕೆ. ಲಕ್ಷ್ಮಣ್ ನಾಲ್ಕಾರು ಗೆರೆ ಎಳೆದರೆ ಸಾಕು, ಯಾವ ರಾಜಕಾರಣಿಯೆಂದು ನಾವು ಗುರುತಿಸಿಬಿಡುತ್ತಿದ್ದುದಕ್ಕೆ ಇದೂ ಒಂದು ಕಾರಣ. ಇನ್ನೊಂದು ಕಾರಣ ಸಾಫ್ಟ್‌ವೇರಿಗೆ ಇನ್ನೂ ದೂರ: ಅವರು ಯಾವುದನ್ನು ಬಿಡಬೇಕೆಂಬುದರ ಜೊತೆಗೆ ಯಾವ ಮೂಗನ್ನು ಎಷ್ಟು ಉದ್ದ ಮಾಡಬೇಕೆಂಬುದನ್ನೂ ಬಲ್ಲವರಾಗಿದ್ದರು. ಇಲ್ಲಿ ಹೇಳಿದ ಫಿಲ್ಟರ್‌ಗಳು ಇರುವುದನ್ನು ಕಡಿಮೆ ಮಾಡಬಲ್ಲವು, ಉತ್ಪ್ರೇಕ್ಷೆ ಅವಕ್ಕೆ ಗೊತ್ತಿಲ್ಲ.

2015ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನ ಲಿಯೋನ್ ಗಾಟಿಸ್, ಅಲೆಕ್ಸಾಂಡರ್ ಎಕರ್ ಮತ್ತು ಮಥಿಯಾಸ್ ಬೆತ್ಗೆ ಬೇರೆಯೇ ದಾರಿ ಹಿಡಿದರು. ವಸ್ತುಗಳನ್ನು ಗುರುತಿಸಲು ತರಬೇತಾದ ನರಜಾಲವೊಂದನ್ನು, ಅಂದರೆ ಮಿದುಳಿನ ನರಕೋಶಗಳ ಮಾದರಿಯಲ್ಲಿ ಪದರಪದರವಾಗಿ ಹೆಣೆದ ಕಂಪ್ಯೂಟರ್ ಲೆಕ್ಕವೊಂದನ್ನು ಬಳಸಿ, ತಮ್ಮೂರಿನ ನದೀತೀರದ ಮನೆಗಳ ಫೋಟೊವನ್ನು ವ್ಯಾನ್ ಗೋ ಅವರ ನಕ್ಷತ್ರದ ಇರುಳಿನ ಚಿತ್ರದ ಶೈಲಿಗೆ ತಂದರು. ಜಾಲದ ಆಳದ ಪದರಗಳು ಯಾವ ವಸ್ತು ಎಲ್ಲಿದೆ ಎಂಬುದನ್ನು ಹಿಡಿದಿಡುತ್ತವೆ. ಎಲ್ಲಿದೆ ಎಂಬುದನ್ನು ಮರೆತು, ಯಾವ ಲಕ್ಷಣ ಯಾವ ಲಕ್ಷಣದ ಜೊತೆ ಎಷ್ಟು ಸಲ ಬರುತ್ತದೆ ಎಂದು ಎಣಿಸಿದರೆ ಅದು ಶೈಲಿ. ಮೊದಲನೆಯದು ಫೋಟೊಗೆ, ಎರಡನೆಯದು ವರ್ಣಚಿತ್ರಕ್ಕೆ ಹೊಂದುವವರೆಗೆ ಪಿಕ್ಸೆಲ್‌ಗಳನ್ನು ತುಸುತುಸುವೇ ತಿದ್ದುತ್ತ ಹೋಗುತ್ತಾರೆ. ಮರುವರ್ಷವೇ ಪ್ರಿಸ್ಮಾ ಎಂಬ ಆ್ಯಪ್ ಈ ಬಗೆಯ ಚಿತ್ರಗಳನ್ನು ಎಲ್ಲರ ಮೊಬೈಲಿಗೆ ತಂದಿತು. ನದಿ, ಮೋಡ, ಮರಗಳಿಗೆ ಇದು ಬಹಳ ಒಪ್ಪುತ್ತದೆ. ಮುಖಕ್ಕೆ ಹಾಕಲು ನನಗೆ ಮನಸ್ಸಾಗುವುದಿಲ್ಲ, ಏಕೆಂದರೆ ಆ ವರ್ಣಚಿತ್ರದ ಆಕಾಶದ ಸುಳಿ ಬಂದು ಹಣೆಯ ಮೇಲೆ ಕೂರುತ್ತದೆ.

ಕೊನೆಗೆ ನಾನು ಹಿಡಿದದ್ದು ಉಚಿತವಾಗಿ ಸಿಗುವ ಗಿಂಪ್ ಎಂಬ ಚಿತ್ರ ತಿದ್ದುವ ಸಾಫ್ಟ್‌ವೇರಿನಲ್ಲಿ ಲೇಯರ್‌ಗಳನ್ನು ಒಂದರ ಮೇಲೊಂದು ಇಡುವ ನಿಧಾನದ ದಾರಿಯನ್ನು. ಕೆಳಗೆ ಮೂಲ ಫೋಟೊ, ಅದರ ಮೇಲೆ ಬಣ್ಣವನ್ನು ಗುಂಪಾಗಿಸಿದ ಪ್ರತಿ, ಎಲ್ಲಕ್ಕಿಂತ ಮೇಲೆ ಕಪ್ಪು ಗೆರೆಗಳ ಪ್ರತಿ. ನಡುವಿನ ಲೇಯರಿಗೆ ಮಾಸ್ಕ್ ಹಾಕಿ, ಹಣೆಯ ಮೂರು ಅಡ್ಡ ಗೆರೆಗಳು, ಕಣ್ಣಂಚಿನ ಸುಕ್ಕು ಮತ್ತು ಮೂಗುತಿ ಇರುವ ಕಡೆ ಸಣ್ಣ ಕುಂಚದಿಂದ ಕಪ್ಪು ಬಳಿದೆ. ಮಾಸ್ಕ್ ಕಪ್ಪಾದ ಕಡೆ ಆ ಲೇಯರ್ ಮರೆಯಾಗಿ ಕೆಳಗಿನ ಫೋಟೊ ಕಾಣುತ್ತದೆ. ಎರಡು ಸಂಜೆ ಹಿಡಿದ ಈ ಕೆಲಸ ಮುಗಿಸಿ, ಮುದ್ರಿಸಿ ಕೊಟ್ಟಾಗ ಅಜ್ಜಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಮಾರಿ ನಂದ ಐತಿ,” ಎಂದರು. “ಸೀರಿ ದಡಿ ಎಲ್ಲಿ ಹೋತು?”

ಅವರು ಉಟ್ಟದ್ದು ಇಳಕಲ್ ಸೀರೆ. ಅದರ ದಡಿಯ ಗೋಮಿ ನೇಯ್ಗೆಯ ಒಂದೊಂದು ಹಲ್ಲೂ ಫೋಟೊದಲ್ಲಿ ಮೂರು ನಾಲ್ಕು ಪಿಕ್ಸೆಲ್‌ಗಿಂತ ಅಗಲವಿರಲಿಲ್ಲ. ಮೂಗುತಿಯನ್ನು ನುಂಗಿದ ಚೌಕಗಳೇ ಅದನ್ನೂ ನುಂಗಿ, ಬರೀ ಕೆಂಪು ಪಟ್ಟಿ ಉಳಿಸಿದ್ದವು. ಆ ರಾತ್ರಿ ಮತ್ತೆ ಕುಳಿತು, ದಡಿಯ ಉದ್ದಕ್ಕೂ ಮಾಸ್ಕ್ ಬಳಿದೆ.